ನರ್ಸಮ್ಮ ಬಾಟಲಿ ತೆರೆದ ಗುರುವಾರ

ನಮ್ಮೂರಿನ ಆಸ್ಪತ್ರೆಯ ನರ್ಸಮ್ಮ ಗುರುವಾರಗಳಂದು ಲಸಿಕೆ ಪೆಟ್ಟಿಗೆಯನ್ನು ಪಕ್ಕದಲ್ಲಿಟ್ಟುಕೊಂಡು, ಶ್ರೀರಾಂಪುರದ ಬಸ್ಸಿನಿಂದ ಎಷ್ಟು ಕೂಸುಗಳು ಇಳಿಯುತ್ತವೆಂದು ಕತ್ತು ಉದ್ದ ಮಾಡಿ ನೋಡುತ್ತಿದ್ದರು. ಒಂದು ಬಾಟಲಿ ಬಿಸಿಜಿ ಲಸಿಕೆ ಹಲವು ಕೂಸುಗಳಿಗಾಗುತ್ತದೆ. ತೆರೆದ ಮೇಲೆ ಉಳಿದದ್ದನ್ನು ಅಂದೇ ಚೆಲ್ಲಬೇಕು. ಬಾಟಲಿಗಳು ಬರುತ್ತಿದ್ದದ್ದೇ ಕಡಿಮೆ. ಹಾಗಾಗಿ ಯಾರೇ ಬಂದರೂ ಅವರದು ಒಂದೇ ಮಾತು: “ತಡೀರಿ, ಇನ್ನೊಂದಿಷ್ಟು ಕೂಸು ಬರ್ಲಿ.” ಬರದಿದ್ದರೆ ಕೂಸಿನ ಕೆನ್ನೆ ತಟ್ಟಿ ವಾಪಸ್ ಕಳಿಸುವರು. ಹಿಂದಿನ ವಾರ ನನ್ನ ಮಗಳನ್ನೂ ಹಾಗೆಯೇ ಕಳಿಸಿದ್ದರು.

ಈ ವಾರವೂ ನಾನೊಬ್ಬಳೇ ಕಾಯುತ್ತಿದ್ದೆ. ಮಧ್ಯಾಹ್ನ ಕುರಿ ಕಾಯುವ ಹೆಂಗಸೊಬ್ಬಳು ಕೂಸನ್ನು ಸೀರೆಯಲ್ಲಿ ಸುತ್ತಿಕೊಂಡು ಬಂದಳು. “ನಾಳೆ ಮಂದೆ ಹಿರಿಯೂರು ಕಡೆ ಹೋಗ್ತೈತ್ರಿ” ಎಂದಳಷ್ಟೇ. ನರ್ಸಮ್ಮ ಬಾಟಲಿ ತೆರೆದೇಬಿಟ್ಟರು.

ನನಗೆ ಉರಿದುಹೋಯಿತು. “ನನ್ ಮಗಳಿಗೆ ಯಾಕೆ ತೆಗೀಲಿಲ್ಲ?” ಎಂದೆ.

ಅವರು ತಲೆ ಎತ್ತದೆ, ಸಿರಿಂಜಿಗೆ ಮದ್ದು ತುಂಬುತ್ತಲೇ ಹೇಳಿದರು: “ನಿಮ್ಮನೆ ಮುಂದಿನ ವಾರನೂ ಇಲ್ಲೇ ಇರ್ತೈತಮ್ಮ. ಇವ್ರ ಮಂದೆ ಇರ್ತೈತಾ? ಈಗ ನಿಮ್ ಮಗಳ ತೋಳೂ ತೋರಿಸ್ರಿ.”

ಮಗಳ ಎಡತೋಳಿನಲ್ಲಿ ಈಗ ಪುಟ್ಟದೊಂದು ಗುರುತಿದೆ. ಸ್ನಾನ ಮಾಡಿಸುವಾಗ ಅದನ್ನು ಕಂಡರೆ, ಎಲ್ಲೋ ಮಂದೆಯ ಹಿಂದೆ ತಾಯಿಯ ಸೀರೆಯೊಳಗೆ ಸಾಗುತ್ತಿರುವ ಇನ್ನೊಂದು ಕೂಸಿನ ತೋಳು ನೆನಪಾಗುತ್ತದೆ.