ಹೊತ್ತು ಮುಳುಗುವುದರೊಳಗಿನ ಊಟ

ಇವತ್ತು ಸಂಜೆ ಆಫೀಸಿನಿಂದ ಬಂದು ಲಿಫ್ಟಿನಿಂದ ಹೊರಬಿದ್ದರೆ, ಯಾರದೋ ಮನೆಯಲ್ಲಿ ಸಜ್ಜೆ ರೊಟ್ಟಿ ಬೇಯುತ್ತಿದ್ದ ವಾಸನೆ. ಅಹಮದಾಬಾದಿನ ಅಂಚಿನ ಬೋಪಾಲ್ ಬಡಾವಣೆಯ ಈ ಎತ್ತರದ ಕಟ್ಟಡದಲ್ಲಿ ಎಲ್ಲ ಬಾಗಿಲೂ ಮುಚ್ಚಿರುತ್ತವೆ, ವಾಸನೆ ಯಾರ ಮನೆಯದೆಂದು ತಿಳಿಯುವುದಿಲ್ಲ. ಬೀಗದ ಕೈ ಹಿಡಿದು ಸ್ವಲ್ಪ ಹೊತ್ತು ಅಲ್ಲೇ ನಿಂತೆ. ಹನ್ಸಾಬೇನ್ ನೆನಪಾದರು.

ವಿಮಾ ಕಂಪನಿಯವರು ನನ್ನನ್ನು ಧಾರವಾಡದಿಂದ ಎತ್ತಿ ಅಹಮದಾಬಾದಿಗೆ ಹಾಕಿದ ಹೊಸತರಲ್ಲಿ ಬೆನ್ನುನೋವು ಹತ್ತಿಕೊಂಡು, ಕೆಳಗಿನ ಕ್ಲಬ್‌ಹೌಸಿನ ಯೋಗ ತರಗತಿಗೆ ಸೇರಿದ್ದೆ. ನಾನು ಹೋದದ್ದು ಬೆನ್ನಿಗಾಗಿ, ಮಾಸ್ತರು ಹಿಡಿದದ್ದು ಹೊಟ್ಟೆಯನ್ನು. ಹತ್ತಿರ ಬೆಳೆದದ್ದನ್ನು ತಿನ್ನಿ, ಆಯಾ ಕಾಲದ್ದನ್ನು ತಿನ್ನಿ, ಇನ್ನೂ ಹಸಿವಿರುವಾಗಲೇ ಏಳಿ, ಅನ್ನ ಕೆಡಿಸಬೇಡಿ. ಊಟದ ಹೊತ್ತಿಗೆ ಟೀವಿ, ಫೋನು, ಮಾತು ಎಲ್ಲ ಬಂದ್. ಊರಿನಿಂದ ಕೊರಿಯರ್‌ನಲ್ಲಿ ಜೋಳದ ಹಿಟ್ಟು ತರಿಸುತ್ತಿದ್ದ ನಾನು ಇಲ್ಲಿಯ ಸಜ್ಜೆ ಹಿಟ್ಟಿಗೆ ಇಳಿದೆ. ಅದೇನೂ ಕಷ್ಟವಾಗಲಿಲ್ಲ. ಕಷ್ಟವಾದದ್ದು ಟೀವಿ. ನೀವೇ ಹೇಳಿ, ಒಂಟಿ ಹೆಂಗಸಿನ ಊಟಕ್ಕೆ ಧಾರಾವಾಹಿಯ ಅತ್ತೆ-ಸೊಸೆಯರಲ್ಲದೆ ಇನ್ನಾರು ಜೊತೆ? ಅವರ ಬಾಯಿ ಬಂದ್ ಮಾಡಿದ ಮೊದಲ ರಾತ್ರಿ ನಾನು ಅಗಿಯುವ ಸದ್ದು ನನಗೇ ಕೇಳಿಸಿ ಅಳು ಬಂತು. ಗಮನವಿಟ್ಟು ಉಣ್ಣಲು ಕೂತರೆ ಎದುರಿನ ಖಾಲಿ ಕುರ್ಚಿಯೂ ಗಮನಕ್ಕೆ ಬರುತ್ತದೆಂದು ಮಾಸ್ತರು ಹೇಳಿರಲಿಲ್ಲ. ಅಕ್ಕನಿಗೆ ಫೋನಿನಲ್ಲಿ ಹೇಳಿದರೆ, "ಒಬ್ಬಾಕೀನ ಕುಂತು ಸುಮ್ನ ಉಣ್ಣಾಕ ಮಾಸ್ತರ ಯಾಕ ಬೇಕವಾ?" ಎಂದು ನಕ್ಕಳು.

ಹನ್ಸಾಬೇನ್ ಯೋಗದಲ್ಲಿ ನನ್ನ ಪಕ್ಕದ ಚಾಪೆಯವರು; ಇಲ್ಲಿ ಹೆಂಗಸರೆಲ್ಲ ಒಬ್ಬರಿಗೊಬ್ಬರು ಬೇನ್, ಅಕ್ಕ-ತಂಗಿ. ಗಂಡ ತೀರಿಹೋದ ಜೈನ ಹೆಂಗಸು, ನನ್ನ ಹಾಗೆಯೇ ಒಬ್ಬರೇ ಇದ್ದರು. ಹೊತ್ತು ಮುಳುಗಿದ ಮೇಲೆ ಅನ್ನವಿರಲಿ, ನೀರನ್ನೂ ಮುಟ್ಟುತ್ತಿರಲಿಲ್ಲ. ಬೇಸಿಗೆಯ ಒಂದು ಭಾನುವಾರ ಆರೂವರೆಗೆ ಊಟಕ್ಕೆ ಕರೆದರು. ಹೊರಗಿನ್ನೂ ಬಿಸಿಲಿತ್ತು. ಅಲ್ಲಿಂದ ಪ್ರತಿ ಭಾನುವಾರವೂ ಅಲ್ಲೇ ಊಟ. ಬಾಯಲ್ಲಿ ತುತ್ತಿದ್ದಾಗಲೂ ಅವರ ಮಾತು ನಿಲ್ಲುತ್ತಿರಲಿಲ್ಲ. ಅವರದು ಗುಜರಾತಿ, ನನ್ನದು ಹರಕು ಹಿಂದಿ; ಇಲ್ಲಿ ಅವರು ಧಾರವಾಡದ ಕನ್ನಡ ಆಡಿದರೆ ಅದು ನನ್ನ ನೆನಪಿನ ಕಿತಾಪತಿ.

ಮಳೆಗಾಲ ಮುಗಿಯುತ್ತಲೇ ಕಂಪನಿ ನನ್ನನ್ನು ಕೆಲವು ತಿಂಗಳು ವಡೋದರಾಕ್ಕೆ ಕಳಿಸಿತು. ವಾಪಸಾದ ಭಾನುವಾರವೇ ಅವರ ಫೋನು, "ಬರ್ತೀರಿಲ್ಲ?" ಹೊತ್ತು ಕೇಳುವ ಮಾತೇ ಇರಲಿಲ್ಲ, ಎಂದಿನಂತೆ ಆರೂವರೆಗೆ ಹೋದೆ. ಚಳಿಗಾಲ, ಹೊರಗೆ ಕತ್ತಲು. ಕತ್ತಲಾದ ಮೇಲೇ ಉಂಡು ಬೆಳೆದವಳಿಗೆ ಏನೂ ಹೊಳೆಯಲಿಲ್ಲ. ಒಳಗೆ ಎರಡು ತಟ್ಟೆ, ಎರಡೂ ಖಾಲಿ.

"ಮನೀಗೆ ಬರೂ ಮಂದಿಗಿಂತ ಮೊದಲ ನಾ ಹೆಂಗ ಉಣ್ಣಲಿ? ಈಗ ನಂದು ಹೊತ್ತು ಹೋತು. ನೀವು ಕೂಡ್ರಿ ಬೇನ್."

ನಾನೂ ಒಲ್ಲೆ ಎಂದೆ.

"ಇಬ್ಬರೂ ಹಸದು ಮಲಕೊಂಡರ ಯಾರಿಗೆ ಪುಣ್ಯ? ಅನ್ನ ಕೆಡಸಬಾರದು ಅಂತ ಮಾಸ್ತರ ಹೇಳಿಲ್ಲೇನು?"

ಬಿಸಿ ಸಜ್ಜೆ ರೊಟ್ಟಿಗೆ ತುಪ್ಪ ಸವರಿ, ಬೆಲ್ಲವಿಟ್ಟು, ಎದುರಿಗೆ ಕೂತರು. ಒಂದು ಗುಟುಕು ನೀರೂ ಕುಡಿಯದೆ, ಪ್ರತಿ ತುತ್ತಿಗೂ "ಹೆಂಗಾಗೇದ?" ಎಂದು ಕೇಳಿದರು. ನಾಚಿಕೆಯಾಗಿತ್ತು. ಆದರೂ ಸುಳ್ಳೇಕೆ, ಸುಖವೂ ಆಗಿತ್ತು. ನಾನು ಉಣ್ಣುವುದನ್ನು ಅಷ್ಟು ಗಮನವಿಟ್ಟು ಯಾರಾದರೂ ನೋಡಿ ಎಷ್ಟೋ ವರ್ಷವಾಗಿತ್ತು.

ಮುಂದಿನ ಬೇಸಿಗೆಗೆ ಅವರ ತಮ್ಮ ಬಂದು ಸೂರತ್‌ಗೆ ಕರೆದುಕೊಂಡು ಹೋದರು. ಅಲ್ಲಿಯ ಕತಾರ್‌ಗಾಮ್‌ನಲ್ಲಿ ವಜ್ರ ಉಜ್ಜುವ ಕಾರ್ಖಾನೆ ತಮ್ಮನದು, ಮನೆ ತುಂಬ ಸೊಸೆಯರು, ಮೊಮ್ಮಕ್ಕಳು. ಅಂಥ ಮನೆ ಸೇರಿದವರಿಗೆ ನನ್ನ ಫೋನು ಯಾಕೆ ಎಂದು ಸುಮ್ಮನಾದೆ. ನನ್ನ ಮನೆಯಲ್ಲಿ ಟೀವಿಯ ಅತ್ತೆ-ಸೊಸೆಯರು ಮತ್ತೆ ಮಾತು ಶುರುಮಾಡಿದರು.

ಇವತ್ತು ಮಾತ್ರ ಒಳಗೆ ಬಂದವಳೇ ಸೂರತ್‌ಗೆ ಫೋನು ಮಾಡಿ, ಊಟವಾಯಿತೇ ಎಂದು ಕೇಳಿದೆ.

"ಯಾವಾಗೋ ಆತು. ಇಲ್ಲೆ ಎಲ್ಲಾರೂ ಒಂಬತ್ತಕ್ಕ ಕೂಡತಾರ. ಸಂಜೀ ಮುಂದ ನನ್ನೊಬ್ಬಾಕಿದು ತಾಟು ಹಚ್ಚಿ ಕೊಟ್ಟು ಹೋಗತಾರ." ಆಮೇಲೆ ಹೇಳಿದರು, "ಇಷ್ಟ ಮಂದಿ ಇದ್ದರೂ ಒಬ್ಬಾಕೀನ ಉಣ್ಣೂದು ಬೇನ್."

ಶನಿವಾರ ರೈಲು ಹತ್ತಿ ಬರುತ್ತೇನೆ ಎಂದೆ. ನಿಮ್ಮಲ್ಲಿ ಈಗ ಹೊತ್ತು ಎಷ್ಟಕ್ಕೆ ಮುಳುಗುತ್ತದೆ ಎಂದೂ ಕೇಳಿದೆ.

ಆ ಕಡೆ ಮಾತು ನಿಂತಿತು. ಅವರ ಮಾತು ನಿಂತದ್ದನ್ನು ನಾನು ಕೇಳಿದ್ದೇ ಮೊದಲು.

"ಮಧ್ಯಾಹ್ನನ ಬಂದುಬಿಡ್ರಿ," ಎಂದರು.