ಅಡ್ಡ ಬಿರುಕು

ಮೇಡಂ ಅವರ ಎಡ ಹುಬ್ಬು ಅರ್ಧವೇ ಇತ್ತು. ಕುಲುಮೆಯೊಳಗೆ ಇಣುಕುವಾಗ ಸುಟ್ಟದ್ದು ಮತ್ತೆ ಬೆಳೆದಿರಲಿಲ್ಲ. ಕಾಡಿಗೆಯಿಂದ ತಿದ್ದಿಕೊಳ್ಳುವ ಗೋಜಿಗೂ ಅವರು ಹೋಗಲಿಲ್ಲ.

ಹೊಸಪೇಟೆಯ ಕಾಲೇಜೊಂದರ ಲೋಹ ಪ್ರಯೋಗಾಲಯದಲ್ಲಿ ನಾನು ಅವರ ಸಂಶೋಧನಾ ವಿದ್ಯಾರ್ಥಿನಿಯಾಗಿದ್ದೆ. ನಾನು ಸಂಡೂರಿನಿಂದ ಬಸ್ಸಿನಲ್ಲಿ ಬಂದು ಮೈಮೇಲಿನ ಕೆಂಪು ಧೂಳು ಕೊಡವಿಕೊಳ್ಳುವಷ್ಟರಲ್ಲೇ, "ಏನರ ತಿಂದಿಯೇನು?" ಎಂದು ತಮ್ಮ ಡಬ್ಬಿಯ ರೊಟ್ಟಿ ಮುರಿದು ಕೊಡುತ್ತಿದ್ದರು.

ನಿಕ್ಕಲ್, ಅಲ್ಯೂಮಿನಿಯಂ ಬೆರೆಸಿ ಕರಗಿಸಿ, ಅಚ್ಚನ್ನು ಕುಲುಮೆಯಿಂದ ನಿಧಾನವಾಗಿ ಕೆಳಗಿಳಿಸುವುದು ನಮ್ಮ ಕೆಲಸ. ಲೋಹ ತಳದಿಂದ ಮೇಲಕ್ಕೆ ಒಂದೇ ದಿಕ್ಕಿಗೆ ಗಟ್ಟಿಯಾಗುತ್ತದೆ. ಅಂಥ ಸರಳು ಬಿಸಿಯಲ್ಲೂ ಭಾರ ಹೊರುತ್ತದೆ. ಮೇಡಂ ಕಂಪ್ಲಿಯವರು, ಹೋಲಿಕೆಗೂ ಅವರಿಗೆ ಊರಿನ ಕಬ್ಬೇ ಬೇಕು.

"ನಿಂತ ಕಬ್ಬು ಭಾಳ ಗಟ್ಟಿ. ಅಡ್ಡ ಹಿಡಿದು ಮೊಣಕಾಲಿಗೆ ಹಚ್ಚಿ ಮುರಿ, ಲಟಕ್ಕಂತ ಹೋಗ್ತೈತಿ. ಇದೂ ಹಂಗ. ಒಂದ್ಸಲ ಕಾವು ತಡೀತು ಅಂತ ನಂಬಬ್ಯಾಡ, ದಿನಗಟ್ಟಲೆ ಕಾವಿನ್ಯಾಗ ಇಟ್ಟು ನೋಡು."

ಹಾಗೇ ಇಟ್ಟು ನೋಡಿದೆ. ಮೊದಮೊದಲು ಭಾರ ಹೊತ್ತ ಸರಳುಗಳು ದಿನ ಕಳೆದಂತೆ ಅಡ್ಡಡ್ಡ ಬಿರುಕು ಬಿಟ್ಟವು. ಮೇಡಂ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. "ಖರೇ ಐತಿ. ಚಲೋ ಮಾಡಿದಿ" ಎಂದು ಬೆನ್ನು ತಟ್ಟಿದರು.

ಮರುವಾರ, ಪ್ರಯೋಗಾಲಯದ ಖರ್ಚು ಹೊರುತ್ತಿದ್ದ ಕಾರ್ಖಾನೆಯವರು ಬಂದರು. ಅವರಿಗೆ ಆ ಲೋಹ ಬೇಕಾಗಿತ್ತು.

"ಈ ಬಿರುಕು ಏನ್ರಿ ಮೇಡಂ?"

ಮೇಡಂ ನನ್ನತ್ತ ತಿರುಗಲಿಲ್ಲ. "ನಮ್ಮ ಹುಡುಗಿ ಹೊಸಬಳು. ಕುಲುಮಿ ಕಾವು ಸರಿ ಹಿಡಿದಿಲ್ರಿ. ಲೋಹದ್ದೇನೂ ದೋಷ ಇಲ್ಲ."

ಅವರೆಲ್ಲ ಹೋದ ಮೇಲೆ ಕೇಳಿದೆ: "ನೀವೇ ಖರೇ ಅಂದಿದ್ರಲ್ರೀ?"

"ಲ್ಯಾಬ್ ಮುಚ್ಚಿದ್ರ ಎಲ್ಲಾರೂ ಬೀದಿಗೆ ಬೀಳ್ತೀವಿ. ನಿನಗಿನ್ನೂ ವಯಸ್ಸೈತಿ, ತಡ್ಕೋ" ಎಂದು ಡಬ್ಬಿ ತೆರೆದು ರೊಟ್ಟಿ ಮುಂದಿಟ್ಟರು. ನಾನು ಮುಟ್ಟಲಿಲ್ಲ. ಮತ್ತೆ ಆ ಮೆಟ್ಟಿಲು ಹತ್ತಲೂ ಇಲ್ಲ.

ಸಂಡೂರಿನಲ್ಲೇ ಅದಿರು ಪರೀಕ್ಷಿಸುವ ಕೆಲಸ ಸಿಕ್ಕಿತು. ಯಾವ ಮಾದರಿ ಕೈಗೆ ಬಂದರೂ ಅವರು ಕಲಿಸಿದ ಹಾಗೇ ನೋಡುತ್ತೇನೆ. ಬೇರೆ ರೀತಿ ನನಗೆ ಗೊತ್ತಿಲ್ಲ. ಸಿಟ್ಟು ಆರದಿರುವುದೂ ಅದಕ್ಕೇ ಇರಬೇಕು.

ಕಳೆದ ವರ್ಷ ಮೇಡಂ ತೀರಿಕೊಂಡರು. ಕಾಲೇಜಿನ ಶ್ರದ್ಧಾಂಜಲಿ ಸಭೆಗೆ ಹೋದೆ. ಹಿರಿಯ ಅಧ್ಯಾಪಕರೊಬ್ಬರು ನೆನೆದರು: "ಶಿಷ್ಯೆ ಪರೀಕ್ಷೆ ಕೆಡಿಸಿದ್ರೂ ಒಂದು ಮಾತು ಬೈಲಿಲ್ಲ. ಕೊನೀತನಕ 'ಪಾಪ, ಸಣ್ಣ ಹುಡುಗಿ' ಅಂತಿದ್ರು. ಅಂಥಾ ದೊಡ್ಡ ಮನಸ್ಸು."

ಸಭೆ ತಲೆದೂಗಿತು. ಆಮೇಲೆ ಮಾತಾಡಲು ನನ್ನನ್ನೂ ವೇದಿಕೆಗೆ ಕರೆದರು.

"ಲೋಹ ನೋಡೋದನ್ನ ನನಗ ಕಲಿಸಿದವ್ರು ಮೇಡಂ" ಎಂದೆ. "ಆ ಪರೀಕ್ಷೆ ಸರಿ ಇತ್ರಿ."

ಅಷ್ಟೇ ಹೇಳಿ, ಅವರ ಫೋಟೊಗೆ ಹೂವಿಟ್ಟು ಕೆಳಗಿಳಿದೆ.