ಒಂದು ವಾರ ನಾ ಸರಕಾರ ಆಗಿದ್ದೆ

ಹಿಗ್ಗು ಹೊಟ್ಟ್ಯಾಗ ಹಿಡಿಸವಲ್ದು, ಅದಕ್ಕ ಬರಿಯಾಕ ಕುಂತೇನಿ. ನಾ ಸಾಲಿ ಕಲ್ತಿದ್ದು ನಾಕನೇ ಇಯತ್ತೆ. ಅಮರಗೋಳದ ಮಾರ್ಕೆಟ್ಟಿನ್ಯಾಗ ಚೀಲ ತೂಗಿದಂವ. ನನ್ನ ಮೊಮ್ಮಗಳು ಮಾತ್ರ ಅರ್ಥಶಾಸ್ತ್ರದಾಗ ಎಂ.ಎ. ಮಾಡಾಕತ್ತಿದ್ಲು. ಬರಿಯೂದ್ರಾಗ ಹುಲಿ. ಬಾಯಿಬಿಟ್ಟು ಹೇಳು ಅಂದ್ರ ನಾಲಗಿ ಒಣಗತಿತ್ತು. ಮೌಖಿಕ ಪರೀಕ್ಷಾದಾಗ ಒಮ್ಮೆ ನಪಾಸೂ ಆಗಿದ್ಲು. ಈ ಸಲ ತಪ್ಪಿದ್ರ ವರ್ಷಾನ ಹೋಗತಿತ್ತು.

“ಅಜ್ಜಾ, ನಿನಗ ತಿಳಿಯೂವಂಗ ಹೇಳಾಕ ಬಂದ್ರ ಪರೀಕ್ಷಾ ಮಾಡೂ ಸರ್‌ಗೂ ಹೇಳ್ತೇನಿ,” ಅಂದ್ಲು.

ದೊಡ್ಡ ದೊಡ್ಡ ಅಭಿವೃದ್ಧಿ ಬ್ಯಾಂಕು ಸರಕಾರಗಳಿಗೆ ಒಂದು ನಮೂನಿ ಸಾಲ ಕೊಡತಾವಂತ. ಸೇತುವೆ ಕಟ್ಟಾಕಲ್ಲ, ರಸ್ತಾ ಮಾಡಾಕಲ್ಲ. ಮೊದಲ ಇಂಥಿಂಥಾ ಕಾಯ್ದೆ ತಿದ್ರಿ, ಆಮ್ಯಾಲೆ ರೊಕ್ಕ. ಬಂದ ರೊಕ್ಕ ಸರಕಾರ ತನಗ ಬೇಕಾದಲ್ಲೆ ಖರ್ಚು ಮಾಡಬಹುದು.

“ಯಾತಕ್ಕ ಅಂತ ಕೇಳದ ಕೊಡೂ ಬ್ಯಾಂಕು ಎಲ್ಲೈತಿ ಹೇಳವಾ, ನಾಳೆ ಮುಂಜಾನೆನ ಹೋಗ್ತೇನಿ.”

“ನಾನ ಬ್ಯಾಂಕು. ನೀ ಸರಕಾರ.”

ಅಡಗಿಮನ್ಯಾಗಿಂದ ನನ್ನ ಹೇಣ್ತಿ, “ಇವರು ಸರಕಾರ ಆದ್ರ ನಾ ಇವತ್ತ ಎಲೆಕ್ಷನ್‌ಗೆ ನಿಂದರ್ತೇನಿ,” ಅಂದ್ಲು.

ನಮ್ಮನ್ಯಾಗಿನ ತೊಂದರಿ ಅಂದ್ರ ಹಾಲಿಂದು. ಮೀಟರ್ ನೋಡಾಂವ, ಗ್ಯಾಸ್ ತರಾಂವ, ಮನಿ ತಪ್ಪಿ ಬಂದಾಂವ, ಎಲ್ಲಾರಿಗೂ ನಾ ಚಹಾ ಕುಡಿಸೇ ಕಳಸಾಂವ. ದಿನಾ ಎರಡು ಲೀಟರ್ ಸಾಲತಿದ್ದಿಲ್ಲ. ಅದಕ್ಕ ಬ್ಯಾಂಕಿನಾಕಿ ಶರ್ತಾ ಹಾಕಿದ್ಲು: ‘ಕೇಳದ ಯಾರಿಗೂ ಚಹಾ ಮಾಡಬಾರದು.’ ನನ್ನ ಕೈಯಾರೆ ಬರದು, ಸಹಿ ಮಾಡಿ, ಗ್ವಾಡಿಗೆ ಹಚ್ಚಿದೆ. ಆಕಿ ನೋಡಿ ಐದನೂರು ರೂಪಾಯಿ ಕೊಟ್ಲು.

ಮರುದಿನ ಮೀಟರ್ ನೋಡಾಂವ ಬಂದ.

“ಚಹಾ ಬೇಕೇನ್ರಿ?”

“ಬ್ಯಾಡ್ರಿ.”

ನಮ್ಮ ಕಡೆ ಮೊದಲನೇ ಸಲಕ್ಕ ಯಾರು ಹೂಂ ಅಂತಾರ? “ಕುಡೀರಿ, ಬಿಸಲಾಗ ಬಂದೀರಿ,” ಅಂದೆ.

“ಹಂಗಾರ ಅರ್ಧಾ ಕಪ್ ಕೊಡ್ರಿ.”

ಮೊದಲ ಆದ್ರ ಸುಮ್ಮನ ನಿಂತ ಕುಡದ ಹೋಗತಿದ್ದ. ಈಗ ಇಷ್ಟು ಮರ್ಯಾದಿಲೆ ಕೇಳಿದ್ದಕ್ಕ ಪಾಪ ಕುಂತು ಮಗಳ ಲಗ್ನದ ಸುದ್ದಿ ಹೇಳಿದ. ಇನ್ನೊಂದು ಕಪ್ ಆತು. ಎಲ್ಲಾರದೂ ಹಿಂಗ. ನಾಕ ದಿನದಾಗ ಹಾಲು ಮತ್ತಷ್ಟು ಕಡಿಮಿ ಬಿತ್ತು. ಬ್ಯಾಂಕಿನ ರೊಕ್ಕ ಕಿಸೇದಾಗ ಇತ್ತಲ್ಲ, ಅದರಾಗ ಹಾಲು ತಂದೆ.

ವಾರಕ್ಕ ಬ್ಯಾಂಕು ತಪಾಸಣಿಗೆ ಬಂತು.

“ಕಾಯ್ದೆ ಪಾಲಿಸಿದೇನ ಅಜ್ಜಾ?”

“ಒಬ್ಬರನ್ನೂ ಕೇಳದ ಬಿಟ್ಟಿಲ್ಲ.”

“ಹಾಲು?”

“ಮೂರು ಲೀಟರ್.”

“ನನ್ನ ರೊಕ್ಕ?”

“ಆ ಮೂರನೇ ಲೀಟರ್ ಅದರದ.”

ತಲಿಮ್ಯಾಲೆ ಕೈ ಇಟ್ಕೊಂಡು ಕುಂತ್ಲು. ಆಮ್ಯಾಲೆ ಮೂಗಿನ ಮ್ಯಾಲಿನ ಚಾಳೀಸು ಜಾರೂಮಟ ನಕ್ಲು.

ಪರೀಕ್ಷಾದಾಗ ಸರು ಕೇಳಿದರಂತ: “ಕಾಯ್ದೆ ಬದಲಾತು ಅಂದ್ರ ಸುಧಾರಣಾ ಆದಂಗನ?” ಈಕಿ ನಾಲಗಿ ಒಣಗೇ ಬಿಟ್ಟಿತ್ತು. ಅಷ್ಟರಾಗ ಮೀಟರಿನಾಂವ ನೆನಪಾದ. ಕತಿ ಪೂರಾ ಹೇಳಿದ್ಲು. “ತಪ್ಪು ಎಲ್ಲೈತಿ?” ಅಂದ್ರು. “ಶರ್ತಾ ಬ್ಯಾಂಕಿಂದ್ರೀ ಸರ್. ಸರಕಾರದ ಮನಸಿನ್ಯಾಗ ಮೊದಲಿಂದನೂ ಚಹಾ ಕುಡಿಸೂದ ಇತ್ತು,” ಅಂದ್ಲಂತ ನನ್ನ ಕೂಸು.

ಪಾಸಾದ್ಲು. ನಿನ್ನೆ ಆ ಸರು, ಸರಕಾರಾನ ನೋಡಬೇಕು ಅಂತ ಮನಿಗೇ ಬಂದಿದ್ರು. ಗ್ವಾಡಿಮ್ಯಾಲಿಂದು ನಿಂತ ಓದಿದ್ರು. ನಾ ಕಾಯ್ದೆ ಪ್ರಕಾರ ಕೇಳಿದೆ.

“ಬ್ಯಾಡ್ರಿ ಅಜ್ಜಾರ,” ಅಂದ್ರು.

ಒಳಗ ಆಗಲೇ ಶುಂಠಿ ಜಜ್ಜೂ ಸಪ್ಪಳ ಕೇಳಾಕತ್ತಿತ್ತು.